ಹೆಸರು ಬಿಟ್ಟ ಹಾಳೆ

ಶವಪೆಟ್ಟಿಗೆಯ ಮುಚ್ಚಳಕ್ಕೆ ಮೂರನೇ ತಿರುಪು ಹಾಕುತ್ತಿದ್ದವನ ಕೈಯನ್ನು ಪಕ್ಷದ ಕಚೇರಿಯ ವ್ಯವಸ್ಥಾಪಕರು ಹಿಡಿದು ನಿಲ್ಲಿಸಿದರು. ಈಗಲೇ ಬೇಡ, ಇಬ್ಬರೂ ಮಂತ್ರಿಗಳು ದಾರಿಯಲ್ಲಿದ್ದಾರೆ, ಕ್ಯಾಮೆರಾದವರಿಗೆ ಮುಖ ಕಾಣಬೇಕು ಎಂದರು. ತಿರುಪಿನವನು ಸತ್ತವರ ಮಗಳತ್ತ ನೋಡಿದ. ಅವಳು ಕಿಟಕಿಯತ್ತ ತಿರುಗಿದಳು. ಹಾಕಿದ್ದ ಎರಡನ್ನೂ ಅವನು ಬಿಚ್ಚತೊಡಗಿದ.

"ಬದುಕಿದ್ದಾಗ ಇವನ ಮನೆ ಬಾಗಿಲು ಯಾವ ಕಡೆಗಿದೆ ಅಂತ ಒಬ್ಬರಿಗೂ ಗೊತ್ತಿರ್ಲಿಲ್ಲ," ಎಂದಳು ಸೋದರತ್ತೆ, ಮೊದಲ ಸಾಲಿನ ಕುರ್ಚಿಯಲ್ಲಿ ಮೊಣಕಾಲು ನೀವಿಕೊಳ್ಳುತ್ತ. ಸತ್ತವರು ಅವಳ ಅಣ್ಣ. "ಈಗ ನೋಡು, ಕೂರೋಕೆ ಜಾಗ ಇಲ್ಲ."

ಜಾಗ ಇಲ್ಲದ್ದು ನಿಜ. ಆದರೆ ಬಂದವರು ಪೆಟ್ಟಿಗೆಯ ಕಡೆ ಒಂದು ಸಲ ನೋಡಿ, ಆಮೇಲೆ ಪಕ್ಕದವರ ಕಿವಿಯ ಕಡೆ ಬಾಗುತ್ತಿದ್ದರು. ಸರ್ಕಾರ ನಡೆಸುತ್ತಿದ್ದ ನಾಯಕರು ಕಾಯಿಲೆ ಬಿದ್ದು ಕುರ್ಚಿ ಬಿಟ್ಟು ಎರಡು ವಾರವಾಗಿತ್ತು. ಆಳುವ ಪಕ್ಷದ ಮುಂದಿನ ನಾಯಕ ಯಾರೆಂದು ಪ್ರತಿನಿಧಿಗಳು ನಾಳೆ ಬೆಳಿಗ್ಗೆ ಮತ ಹಾಕಬೇಕು. ಗೆದ್ದವನಿಗೆ ಪಕ್ಷವೂ ಸಿಗುತ್ತದೆ, ಸರ್ಕಾರವೂ ಸಿಗುತ್ತದೆ. ಆ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಸ್ಮಶಾನದ ಸಭಾಂಗಣದಲ್ಲೇ ಕೂತಿದ್ದರು. ಇಂಥ ಅನುಕೂಲದ ಸಾವು ಸುಮ್ಮನೆ ಸಿಗುವುದಿಲ್ಲ.

ಕಣದಲ್ಲಿ ಉಳಿದವರು ಇಬ್ಬರು. ರಸ್ತೆ ಮಂತ್ರಿಗೆ ಎಲ್ಲರೂ ಇಟ್ಟಿದ್ದ ಹೆಸರು ಗುಡುಗು. ಹಣಕಾಸು ಮಂತ್ರಿಗೆ ಕಲ್ಲು. ಗುಡುಗಿಗೆ ಹೃದಯವಿದೆ, ತಲೆಯ ಬಗ್ಗೆ ಅನುಮಾನ ಎನ್ನುತ್ತಿದ್ದರು. ಕಲ್ಲಿಗೆ ತಲೆಯಿದೆ, ಆದರೆ ಆ ಮುಖ ಹೊತ್ತುಕೊಂಡು ಜನರ ಮುಂದೆ ಹೋಗಿ ಮತ ಕೇಳುವುದು ಹೇಗೆ ಎಂಬ ಚಿಂತೆ. ಗುಡುಗು ಹೇಳಿದ್ದನ್ನು ಮರೆಯುತ್ತಾನೆ, ಕಲ್ಲು ಯಾರನ್ನೂ ಮರೆಯುವುದಿಲ್ಲ. ಎರಡೂ ಕಷ್ಟವೇ ಎಂದು ಹಿಂದಿನ ಸಾಲಿನ ಬಡಾವಣೆ ಕಾರ್ಯದರ್ಶಿ ಪಿಸುಗುಟ್ಟುತ್ತಿದ್ದ. ಕೊನೆಗೆ ಎಲ್ಲರೂ ಒಂದು ಮಾತಿಗೆ ಬಂದರು. ಇವತ್ತು ಇಬ್ಬರೂ ಮಾತಾಡುತ್ತಾರಲ್ಲ, ನೋಡೋಣ.

ಮಗಳಿಗೆ ಇದಾವುದೂ ಬೇಕಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು, ನಲವತ್ತೆರಡು ವಯಸ್ಸು, ಬೆರಳ ತುದಿಗಳು ಒರಟಾಗಿದ್ದವು. ಬೆಳಿಗ್ಗೆ ಅವಳು ಅಪ್ಪನ ಮನೆಯ ಡ್ರಾಯರುಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದ್ದಳು. ಔಷಧಿ ಚೀಟಿ, ಒಣಗಿದ ಪೆನ್ನು, ಹಳೇ ಕ್ಯಾಲೆಂಡರು ಸಿಕ್ಕವು. ಅಮ್ಮನ ಬಗ್ಗೆ ಬರೆದ ಒಂದೇ ಒಂದು ಸಾಲು ಸಿಕ್ಕಿದ್ದರೆ ಅಪ್ಪನನ್ನು ಕ್ಷಮಿಸಿ ಕಳಿಸಬಹುದಿತ್ತು. ಸಿಗಲಿಲ್ಲ. ಎಂಟು ವರ್ಷದ ಸಿಟ್ಟನ್ನು ಹಾಗೇ ಹೊತ್ತುಕೊಂಡು ಬಂದು ಕೂತಿದ್ದಳು.

*

ಅಪ್ಪ ಮೂವತ್ತನಾಲ್ಕು ವರ್ಷ ಪಕ್ಷದ ಕೇಂದ್ರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಯಾರಾದರೂ ಸತ್ತರೆ ನಾಯಕರು ಓದಬೇಕಾದ ಮಾತು ಬರೆಯುವುದು ಅವರ ಕೆಲಸ. ಕಚೇರಿಯಲ್ಲಿ ಅವರನ್ನು 'ಸಂತಾಪ' ಎಂದೇ ಕರೆಯುತ್ತಿದ್ದರು. ಸಂತಾಪ ಊಟಕ್ಕೆ ಹೋಗಿದ್ದಾರೆ, ಸಂತಾಪಕ್ಕೆ ನೆಗಡಿ ಅಂತೆ. ಮನೆಯ ಫೋನು ಹೊತ್ತಲ್ಲದ ಹೊತ್ತಿನಲ್ಲಿ ರಿಂಗಣಿಸಿದರೆ ಅವರು ಹಲೋ ಎನ್ನುತ್ತಿರಲಿಲ್ಲ, "ಯಾರು ಹೋದ್ರು?" ಎನ್ನುತ್ತಿದ್ದರು.

ಅವರಿಗೆ ಅವರದೇ ಒಂದು ಕ್ರಮವಿತ್ತು. ಸತ್ತವರ ಮನೆಗೆ ಫೋನು ಮಾಡಿ ಮೂರೇ ಪ್ರಶ್ನೆ ಕೇಳುತ್ತಿದ್ದರು. ಕೆಲಸ ಮಾಡುವಾಗ ಹೇಗಿರುತ್ತಿದ್ದರು, ಕೋಪ ಬಂದರೆ ಏನು ಮಾಡುತ್ತಿದ್ದರು, ಯಾವುದನ್ನು ಮರೆಯುತ್ತಿದ್ದರು. ಉತ್ತರಗಳನ್ನು ಹಳದಿ ಗೆರೆಹಾಳೆಯಲ್ಲಿ ಗುರುತು ಹಾಕಿಕೊಂಡು ಬರೆಯಲು ಕೂರುತ್ತಿದ್ದರು. ಬರೆದದ್ದನ್ನು ಮೊದಲು ಕೇಳುವವಳು ಅಮ್ಮ.

ಅಮ್ಮ ಮನೆಯಲ್ಲೇ ಅಕ್ಕಪಕ್ಕದವರ ಬಟ್ಟೆ ಸರಿಮಾಡಿ ಕೊಡುತ್ತಿದ್ದಳು. ಹೊಲಿಗೆ ಯಂತ್ರ ನಿಲ್ಲಿಸದೆ ಕೇಳಿಸಿಕೊಂಡು, "ಇದು ಸುಳ್ಳು, ತೆಗೀರಿ," ಎನ್ನುತ್ತಿದ್ದಳು. ಅಪ್ಪ ತೆಗೆಯುತ್ತಿದ್ದರು. ಪುಟ್ಟ ಮಗಳು ಒಮ್ಮೆ ಶಾಲೆಯ ಪ್ರಬಂಧಕ್ಕೆ 'ಮಹಾನ್' ಎಂಬ ಪದ ಸೇರಿಸಿದಾಗ ಅಪ್ಪ ಪೆನ್ಸಿಲಿನಿಂದ ಅದನ್ನು ಹೊಡೆದುಹಾಕಿ ಹೇಳಿದ್ದರು:

"ಹೊಗಳಿಕೆ ಬೇಡ ಮಗಳೇ. ಮೂರು ಅಭ್ಯಾಸ ಹೇಳು ಸಾಕು, ಮನುಷ್ಯ ಎದ್ದು ಬರ್ತಾನೆ."

*

ಮೊದಲು ಬಂದದ್ದು ಗುಡುಗು. ಬಂದವರೇ ಅತ್ತೆಯನ್ನು ಸತ್ತವರ ಹೆಂಡತಿ ಎಂದುಕೊಂಡು ಅವಳ ಎರಡೂ ಕೈ ಹಿಡಿದುಕೊಂಡರು. ಅತ್ತೆ ಕೈ ಬಿಡಿಸಿಕೊಂಡು, ನಾನು ತಂಗಿ, ಹೆಂಡತಿ ಹೋಗಿ ಎಂಟು ವರ್ಷವಾಯಿತು ಎಂದಳು. ಅವರು ಅದಕ್ಕೂ ಒಂದು ಸಲ ಕಣ್ಣು ಒರೆಸಿಕೊಂಡರು.

ಅವರ ಭಾಷಣದಲ್ಲಿ ಸತ್ತವರು ಪಕ್ಷದ ಆಧಾರಸ್ತಂಭವಾದರು, ದಾರಿದೀಪವಾದರು, ಆಮೇಲೆ ಮುದ್ರಣ ವಿಭಾಗದ ಮುಖ್ಯಸ್ಥರೂ ಆದರು. ಮುದ್ರಣ ವಿಭಾಗದ ಮುಖ್ಯಸ್ಥ ಮೂರನೇ ಸಾಲಿನಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದ. ಅವನು ಮೆಲ್ಲಗೆ ತಲೆ ತಗ್ಗಿಸಿದ. ಕೊನೆಗೆ ಮಂತ್ರಿಗಳ ಕರವಸ್ತ್ರ ಹೊರಬಂತು. ಅತ್ತಿದ್ದು ಒಂದು ಕೈ ಜಾಸ್ತಿಯಾಯಿತು ಎಂದು ಕೆಲವರು, ಅಳುವವನನ್ನು ಜನ ನಂಬುತ್ತಾರೆ ಬಿಡಿ ಎಂದು ಕೆಲವರು. ತಕ್ಕಡಿ ಅಲ್ಲಿಗೇ ನಿಂತಿತು.

ಕಲ್ಲು ಬಂದದ್ದು ಹತ್ತು ನಿಮಿಷ ತಡವಾಗಿ. ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ಮೈಕಿನ ಮುಂದೆ ಹೋಗಿ ನಿಂತರು. ಪಕ್ಕದಲ್ಲಿದ್ದ ಆಪ್ತ ಕಾರ್ಯದರ್ಶಿ ಕಡತದಿಂದ ಒಂದು ಹಾಳೆ ತೆಗೆದುಕೊಟ್ಟ. ಹಳದಿ ಗೆರೆಹಾಳೆ. ಮಗಳು ಅದನ್ನು ನೋಡಿದಳು. ಅಪ್ಪನನ್ನು ಸತ್ತ ಮೇಲೂ ದುಡಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಳು, ಅಷ್ಟೇ.

"ಈ ಜೀವಕ್ಕೆ ಮಾತಿಗಿಂತ ಕೆಲಸ ಮುಂದು," ಎಂದು ಕಲ್ಲು ಓದತೊಡಗಿದರು. ದನಿಯಲ್ಲಿ ಏರಿಳಿತವಿರಲಿಲ್ಲ. "ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡೇ ನಗುವುದು ಈ ಬಾಯಿಗೆ ಗೊತ್ತಿತ್ತು."

ನೋವು ನುಂಗಿ ನಗುವುದನ್ನು ಎಷ್ಟು ಚೆನ್ನಾಗಿ ಹೇಳಿದರು ಎಂದು ಬಡಾವಣೆ ಕಾರ್ಯದರ್ಶಿ ತಲೆದೂಗಿದ. ಮಗಳು ಮಾತ್ರ ಬೆನ್ನು ನೆಟ್ಟಗೆ ಮಾಡಿದಳು. ಚಿಕ್ಕವಳಿದ್ದಾಗ ಅವಳು ಆ ಗುಂಡುಸೂಜಿಗಳಿಗೆ ಹೆದರುತ್ತಿದ್ದಳು. ನುಂಗಿಬಿಟ್ಟರೆ ಏನು ಗತಿ ಎಂದು ಅಮ್ಮನ ಬಾಯನ್ನೇ ನೋಡುತ್ತ ಕೂರುತ್ತಿದ್ದಳು.

"ಎರಡೂ ಕೈ ತುಂಬಿದ್ದಾಗ ಹಿಮ್ಮಡಿಯಿಂದ ಬಾಗಿಲು ತಳ್ಳಿಕೊಂಡು ಬರುವುದಿತ್ತು. ಆ ಸದ್ದು ಕೇಳಿದರೆ ಸಾಕು, ನಮ್ಮ ಕಚೇರಿ ತುಂಬಿತು ಎನ್ನಿಸುತ್ತಿತ್ತು. ಕೋಪ ಬಂದರೆ ಬೈಗುಳವಿಲ್ಲ, ಒಂದು ಗುನುಗು. ಗುನುಗು ಜೋರಾಯಿತು ಎಂದರೆ ನನ್ನ ತಪ್ಪು ಸಣ್ಣದಲ್ಲ ಎಂದು ಅರ್ಥ."

ಜನ ನಕ್ಕರು. ಕಲ್ಲು ತನ್ನ ತಪ್ಪು ತಾನೇ ಒಪ್ಪಿಕೊಂಡದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

ಅತ್ತೆ ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. "ಇದು ನಿಮ್ಮಮ್ಮ ಕಣೇ."

"ಗೊತ್ತು ಅತ್ತೆ."

"ಊರವರ ಹರಕನ್ನೆಲ್ಲ ಹೊಲಿದು, ತನ್ನ ತೋಳಿನ ಹರಕನ್ನು ಮಾತ್ರ ಮರೆಯುವುದಿತ್ತು," ಎಂದರು ಕಲ್ಲು. "ನಾನು ನೋಡಿದ್ದೆ. ದಿನವೂ ನೋಡುತ್ತಿದ್ದೆ. ಒಂದು ದಿನವೂ ಹೇಳಲಿಲ್ಲ."

ಹಾಳೆ ಮಡಿಸಿ ಕೆಳಗಿಳಿದರು. ಅವರ ಒಣ ದನಿಯನ್ನೇ ಜನ ದುಃಖವೆಂದು ತಿಳಿದರು. ಎರಡನೇ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಕಲ್ಲಿನೊಳಗೆ ಒಬ್ಬ ಮನುಷ್ಯ ಇದ್ದಾನೆ ಕಣಯ್ಯ, ನನ್ನ ಮತ ಇವತ್ತೇ ಇತ್ಯರ್ಥ ಆಯಿತು ಎಂದು ಬಡಾವಣೆ ಕಾರ್ಯದರ್ಶಿ ಪಕ್ಕದವನಿಗೆ ಹೇಳಿದ, ಪಕ್ಕದವನೂ ಹೌದೆಂದ. ಮೂವತ್ತನಾಲ್ಕು ವರ್ಷ ಆ ಗುಮಾಸ್ತರ ಜೊತೆ ಒಂದೇ ಕಚೇರಿಯ ಮೆಟ್ಟಿಲು ಹತ್ತಿದ ಜನ ಇವರು. ಸಂತಾಪ ಯಾವತ್ತು ಗುಂಡುಸೂಜಿ ಕಚ್ಚಿದ್ದರು, ಯಾವತ್ತು ಗುನುಗಿದ್ದರು ಎಂದು ಒಬ್ಬನೂ ಕೇಳಲಿಲ್ಲ. ಕೇಳುವಷ್ಟು ಯಾರೂ ಅವರನ್ನು ನೋಡಿರಲಿಲ್ಲ.

*

ಎಂಟು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ ಅಮ್ಮನ ಪೆಟ್ಟಿಗೆಯ ಸುತ್ತ ಹದಿನೈದು ಜನರಿದ್ದರು. ಎರಡು ಮಾತು ಹೇಳಿ ಎಂದು ಯಾರೋ ಅಂದರು. ಅಪ್ಪ ಎದ್ದು ನಿಂತರು. ಬಾಯಿ ತೆರೆದರು. ಕೋಟಿನ ಜೇಬಿಗೆ ಕೈ ಹಾಕಿದರು, ಬಹಳ ಹೊತ್ತು ಕೈ ಅಲ್ಲೇ ಇತ್ತು, ಆಮೇಲೆ ಖಾಲಿಯಾಗಿ ಹೊರಗೆ ಬಂತು.

"ಬಂದವರಿಗೆಲ್ಲ ಧನ್ಯವಾದ," ಎಂದು ಹೇಳಿ ಕೂತುಬಿಟ್ಟರು.

ಮನೆಗೆ ಬಂದ ಮೇಲೆ ಅವಳು ಬಾಗಿಲು ಹಾಕಿದವಳೇ ತಿರುಗಿ ನಿಂತಿದ್ದಳು. "ಕಂಡ ಕಂಡ ಹೆಣಕ್ಕೆಲ್ಲ ಮಾತು ಬರ್ಕೊಟ್ಟೆ. ಅಮ್ಮನಿಗೆ ಒಂದು ಮಾತು ಇರ್ಲಿಲ್ವಾ ನಿನ್ನ ಹತ್ರ?"

"ಬರ್ಲಿಲ್ಲ ಮಗಳೇ."

ಅಷ್ಟೇ. ಆಮೇಲೆ ಅವಳು ವಾರಕ್ಕೊಮ್ಮೆ ಔಷಧಿ ತಂದಿಟ್ಟು ಹೋಗುತ್ತಿದ್ದಳು. ಅಪ್ಪ ಕೂರು ಎನ್ನುತ್ತಿದ್ದರು, ಅವಳು ಕೆಲಸವಿದೆ ಎನ್ನುತ್ತಿದ್ದಳು. ಹೊಲಿಗೆ ಯಂತ್ರದ ಮೇಲೆ ಹೊದಿಸಿದ ಬಟ್ಟೆಯನ್ನು ಇಬ್ಬರೂ ಎಂಟು ವರ್ಷ ನೋಡುತ್ತ ನಿಂತರು.

*

ಕಲ್ಲಿನ ಸುತ್ತ ಜನ ಮುತ್ತಿಕೊಂಡಿದ್ದರು. ಗುಡುಗಿನ ಕಾರು ಆಗಲೇ ಹೊರಟುಹೋಗಿತ್ತು. ಮಗಳು ನೂಕಿಕೊಂಡು ಹೋಗಿ ಆಪ್ತ ಕಾರ್ಯದರ್ಶಿಯ ತೋಳು ಹಿಡಿದಳು.

"ಆ ಹಾಳೆ ಎಲ್ಲಿ ಸಿಕ್ತು ನಿಮಗೆ?"

ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಪಾಪ, ಅವನಿಗೆ ಬಿಡುವಿರಲಿಲ್ಲ. "ಬರೆಯೋವ್ರೇ ಹೋಗ್ಬಿಟ್ರೆ ನಾವೇನ್ ಮಾಡೋದು ಹೇಳಿ? ಅವರ ಕಪಾಟಿನಲ್ಲೇ ಹುಡುಕ್ದೆ. ಹೆಸರಿಲ್ಲದ್ದು ಇದೊಂದೇ ಇತ್ತು. ಯಾರದೋ ಹೆಂಡತಿ ಸತ್ತಾಗ ಬರ್ಕೊಟ್ಟಿದ್ದಿರಬೇಕು. ಅಲ್ಲಲ್ಲಿ ಸ್ವಲ್ಪ ತಿದ್ದಿದೆ."

"ನಮ್ಮಮ್ಮ ಅದು. ಅದನ್ನ ನನಗೆ ಕೊಡಿ."

ಅವನು ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಅರ್ಥವಾಗಿತ್ತು, ಮುಖ ಬಿಳಿಚಿತು. ನಾಳೆ ಮತದಾನ ಮುಗಿಯಲಿ, ಖಂಡಿತ ಮನೆಗೆ ತಲುಪಿಸುತ್ತೇನೆ, ಈಗ ದಯವಿಟ್ಟು ಜೋರಾಗಿ ಮಾತಾಡಬೇಡಿ ಎಂದ. ಅವಳು ಕೈ ಬಿಡಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿಯೇ, ಕೊಡಿ ಎಂದಳು.

ಕಲ್ಲು ತಿರುಗಿ ನೋಡಿದರು. ಅವರ ಹಿಂದೆ ಕ್ಯಾಮೆರಾವೂ ತಿರುಗಿತು. ಏನು ವಿಷಯ ಎಂದು ಕೇಳಿದರು. ಮಗಳು ಹಾಳೆ ಕೇಳುತ್ತಿದ್ದಾರೆ, ನೆನಪಿಗೆ ಎಂದು ಆಪ್ತ ಕಾರ್ಯದರ್ಶಿ ತಡಮಾಡದೆ ಹೇಳಿದ.

"ಮಗಳಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ? ಕೊಡೋಣ," ಎಂದರು ಕಲ್ಲು. ಜೇಬಿನಿಂದ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಕಚ್ಚಿ ಎಳೆದು, ಆಪ್ತ ಕಾರ್ಯದರ್ಶಿಯ ಬೆನ್ನಿನ ಮೇಲಿಟ್ಟು, ಕೆಳಗಡೆ ದೊಡ್ಡದಾಗಿ ಸಹಿ ಮಾಡಿದರು. ಎರಡೂ ಕೈಯಿಂದ ಅವಳಿಗೆ ಕೊಟ್ಟು, ಕ್ಯಾಮೆರಾದವರು ಸಾಕೆನ್ನುವ ತನಕ ಕೈ ಹಿಂದಕ್ಕೆ ತೆಗೆಯಲಿಲ್ಲ. ಮರುದಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದು ಅದೇ ಚಿತ್ರ, ಅವರು ಗೆದ್ದದ್ದು ಹನ್ನೊಂದು ಮತಗಳ ಅಂತರದಿಂದ.

ಕಾಲು ಗಂಟೆಯಲ್ಲಿ ಸಭಾಂಗಣ ಖಾಲಿಯಾಯಿತು. ವ್ಯವಸ್ಥಾಪಕರೂ ಕಾರು ಹತ್ತಿದ್ದರು. ಅತ್ತೆ ಒಬ್ಬಳೇ ಮೊದಲ ಸಾಲಿನಲ್ಲಿ ಕೂತಿದ್ದಳು. ಹಿಂದೆ ಇಬ್ಬರು ಆಳುಗಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮಗಳು ಪೆಟ್ಟಿಗೆಯ ಪಕ್ಕ ನಿಂತು ಹಾಳೆ ಬಿಡಿಸಿದಳು.

ಅಪ್ಪನ ಅಕ್ಷರ. 'ನನ್ನ ಹೆಂಡತಿಗೆ' ಎಂಬುದಕ್ಕೆ ಕೆಂಪು ಗೆರೆ ಬಿದ್ದು ಮೇಲೆ 'ಈ ಜೀವಕ್ಕೆ' ಎಂದಾಗಿತ್ತು. 'ಮನೆ' ಹೋಗಿ 'ನಮ್ಮ ಕಚೇರಿ' ಆಗಿತ್ತು. ಕೊನೆಯಲ್ಲಿ ಮಂತ್ರಿಗಳು ಓದದೆ ಬಿಟ್ಟ ಒಂದು ಸಾಲಿತ್ತು. ಅದನ್ನು ಪೂರ್ತಿ ಹೊಡೆದುಹಾಕಿದ್ದರು, ಸಹಿಯೂ ಅದರ ಮೇಲೆಯೇ ಬಿದ್ದಿತ್ತು. ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

'ಇದನ್ನು ಓದುವುದು ನನ್ನ ಕೈಲಾಗದು. ಮಗಳು ಓದಲಿ.'

"ಏನಂತೆ?" ಎಂದಳು ಅತ್ತೆ. "ನನಗೆ ಕಾಣಲ್ಲ. ಜೋರಾಗಿ ಓದು, ಅವನೂ ಕೇಳ್ಲಿ."

ಅವಳು ಬಾಯಿ ತೆರೆದಳು. ತಿರುಪಿನವನು ಮುಚ್ಚಳ ಹಿಡಿದು ಕಾಯುತ್ತಿದ್ದ. ಕುರ್ಚಿಗಳ ಸದ್ದು ನಿಂತಿತು. ಆಳುಗಳೂ ಇತ್ತ ನೋಡುತ್ತಿದ್ದರು. ಅವಳು ಹಾಳೆಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿದಳು. ಬಹಳ ಹೊತ್ತು ಕೈ ಅಲ್ಲೇ ಇತ್ತು.

"ಬರ್ತಿಲ್ಲ ಅತ್ತೆ," ಎಂದಳು.

ಖಾಲಿ ಕೈ ಹೊರಗೆ ಬಂದಾಗ ಹೆಬ್ಬೆರಳಿಗೆ ಸಹಿಯ ನೀಲಿ ಶಾಯಿ ಹತ್ತಿತ್ತು.