ರಫೂ ಮಾಡಿದ ಗೋಡೆ

"ಮಂಚದಿಂದ ಕೈ ತೆಗಿ ಅಂದ್ನಲ್ಲ!"

"ನೀನೇ ತೆಗಿಯಣ್ಣ. ಇಷ್ಟು ದಿನ ಅಪ್ಪನನ್ನ ಎತ್ತಿ ಕೂರಿಸಿದ್ದು, ಮಲಗಿಸಿದ್ದು ಈ ಕೈಯೇ. ಇವತ್ತು ಬೇಡವಾಯ್ತಾ?"

ಮಂಚದ ಒಂದು ತುದಿ ಮಗನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ನಡುವೆ ದರ್ಜಿ, ಬದುಕಿದ್ದಾಗ ಹೇಗೋ ಹಾಗೆಯೇ, ಇಬ್ಬರ ಜಗಳಕ್ಕೂ ಬಾಯಿ ಹಾಕದೆ ಮಲಗಿದ್ದ. ಹೊರಗೆ ಹೆಣದ ಗಾಡಿ ಬಂದು ನಿಂತಿತ್ತು.

"ಅಪ್ಪ ಹೋಗೋದಾದ್ರೆ ಹಳೇ ಮನೆಯಿಂದ ಹೋಗ್ಬೇಕು, ಆಮೇಲೆ ಅಂಟಿಸಿದ ಈ ಕೋಣೆಯಿಂದಲ್ಲ," ಎಂದ ಮಗ. "ನನ್ನ ಕಡೆ ಬಾಗಿಲಿಂದ ಹೊರಗೆ ತರ್ತೀನಿ. ನಾಳೆ ಈ ನಡುಬಾಗಿಲಿಗೆ ಇಟ್ಟಿಗೆ ಕಟ್ಟಿಸ್ತೀನಿ. ಆಮೇಲೆ ಬಂದು ಸೇರಿದವರು ತಮ್ಮ ದಾರಿ ತಾವು ನೋಡ್ಕೊಳ್ಳಲಿ."

ಹೆಣದ ತಲೆಯ ಬಳಿ ಕೂತಿದ್ದ ತಾಯಿ ನಡುಬಾಗಿಲ ಕಡೆ ತಿರುಗಿದಳು. ಮಗ ದರ್ಜಿಯ ಮೊದಲ ಹೆಂಡತಿಯ ಮಗ. ಮಗಳು ಇವಳ ಮೊದಲ ಗಂಡನ ಮಗಳು. ಮಕ್ಕಳಿಬ್ಬರಿಗೂ ಇದು ಗೊತ್ತು. ಗೊತ್ತಿಲ್ಲದ್ದು ಒಂದೇ ಒಂದು. ಮನೆಯಲ್ಲಿ ಅದನ್ನು ಬಲ್ಲವರು ಇಬ್ಬರೇ ಇದ್ದರು, ಈಗ ಅವಳೊಬ್ಬಳು.

"ಇದು ಅಂಟಿಸಿದ್ದು ಅಂತ ನಿಂಗ್ಯಾರು ಹೇಳಿದ್ರು?" ಮಗಳು ಕೇಳಿದಳು.

"ಹೇಳೋದೇನು, ಕಣ್ಣಿಲ್ವಾ? ನನ್ನ ಕೋಣೆ ಕಿಟಕಿ ನೋಡು, ಎಂಥ ಹಳೇ ಮರ! ಚಿಲಕ ಮೇಲೆತ್ತಿ ಎಳೆದ್ರೇನೇ ಬೀಳೋದು. ನಿಂದು ನೋಡು, ಪೆಟ್ಟಿಗೆ ಹಲಗೆ ಥರ."

ಬಾಗಿಲಲ್ಲಿ ನಿಂತಿದ್ದ ಗುಂಡಿಮಾಮ ಕೆಮ್ಮಿದ. ದರ್ಜಿಯ ಅಂಗಡಿಯ ಪಕ್ಕದಲ್ಲಿ ಗುಂಡಿ, ದಾರ ಮಾರುವವನು. "ಬಿಡ್ರಪ್ಪಾ. ನಿಮ್ಮಪ್ಪ ರಫೂ ಮಾಡಿದ್ರೆ ಪ್ಯಾಂಟಿನ ಯಜಮಾನನಿಗೇ ಎಲ್ಲಿ ಹರಿದಿತ್ತು ಅಂತ ಗೊತ್ತಾಗ್ತಿರಲಿಲ್ಲ. ಒಬ್ಬನಂತೂ, ನೀನು ರಫೂನೇ ಮಾಡಿಲ್ಲ ಅಂತ ಜಗಳಕ್ಕೇ ಬಂದಿದ್ದ."

ಮಗಳು ಮಂಚ ಬಿಟ್ಟಳು. "ಆಯ್ತಣ್ಣ. ಅಪ್ಪನನ್ನ ಕಳಿಸಿಕೊಟ್ಟು ಸಂಜೆಗೇ ಹೊರಡ್ತೀನಿ. ಹೊಲಿಗೆ ಮಷೀನು ಎಲ್ಲಿಟ್ರೂ ಓಡುತ್ತೆ."

ತಾಯಿ ಗಂಡನ ಹೊದಿಕೆ ಸರಿಮಾಡಿದಳು. ಬಾಯಿ ಬಿಟ್ಟರೆ ಮಗ ಹೋಗುತ್ತಾನೆ, ಬಿಡದಿದ್ದರೆ ಮಗಳು.

*

ದರ್ಜಿ ಇವಳನ್ನು ಮದುವೆಯಾಗಿ ಈ ಮನೆಗೆ ಬಂದಾಗ ಅವನ ಹುಡುಗನಿಗೆ ಮೂರು ವರ್ಷ. ತನ್ನ ಬಟ್ಟೆಯ ಗಂಟನ್ನು ಅಪ್ಪಿಕೊಂಡು ಹೊಸ್ತಿಲ ಬಳಿಯೇ ಮಲಗುತ್ತಿದ್ದ. ಗಂಟು ಬಿಚ್ಚಲು ಯಾರನ್ನೂ ಬಿಡುತ್ತಿರಲಿಲ್ಲ.

ಇದ್ದದ್ದು ಅವಳಪ್ಪ ಬಿಟ್ಟುಹೋದ ಒಂದೇ ಕೋಣೆ. ಇನ್ನೊಂದನ್ನು ಸೇರಿಸಬೇಕೆಂದು ದರ್ಜಿ ಅಂಗಡಿಯ ಟೇಪಿನಲ್ಲಿ ಗೋಡೆ ಅಳೆದ, ಬಟ್ಟೆಗೆ ಗುರುತು ಹಾಕುವ ಬಳಪದಲ್ಲೇ ಗೆರೆ ಎಳೆದ. ಗಾರೆಯವನು ನಕ್ಕ: "ಗೋಡೆಗೆ ಚಡ್ಡಿ ಹೊಲೀತೀರಾ?"

"ನಗು, ನಗು. ಹೊಸದು ಹೊಸದಾಗಿ ಕಾಣಬಾರದು, ಅಷ್ಟೇ."

ಹಳೆಯ ಸೂರಿನ ಅರ್ಧ ಹೆಂಚು ಇಳಿಸಿ ಹೊಸ ಸೂರಿಗೆ ಹೊದಿಸಿದ. ಹೊಸ ಹೆಂಚನ್ನು ಹಳೆಯದರ ನಡುವೆ ತೂರಿಸಿದ. ಕಪ್ಪು, ಕೆಂಪು ಬೆರೆತು ಎರಡೂ ಒಂದೇ ಆದವು. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಸುಮ್ಮನಿರುತ್ತಿದ್ದಳು. ಅವನು ಅವಳಪ್ಪ ಇಡಿಸಿದ ಕಿಟಕಿಗೇ ಕೈ ಹಾಕಿದ. ಅದನ್ನು ಕಿತ್ತು ಹೊಸ ಗೋಡೆಗೆ ಇಟ್ಟ, ಹೊಸದನ್ನು ಹಳೆಯ ಕೋಣೆಗೆ.

"ಅದು ನನ್ನಪ್ಪನ ಕಿಟಕಿ ಕಣ್ರೀ!"

"ಗೊತ್ತು. ಆದ್ರೆ ನಾಳೆ ಹುಡುಗ, ನನ್ನ ಕೋಣೆ ಯಾವಾಗ ಕಟ್ಟಿದ್ದು ಅಂತ ಕೇಳಿದ್ರೆ ಏನಂತೀಯ? ನೀನು ಬಂದಿದ್ದಕ್ಕೆ ಕಟ್ಟಬೇಕಾಯ್ತು ಅಂತೀಯಾ? ಯಾವತ್ತೂ ಹೇಳಬೇಡ."

ಹೊಸ ಕೋಣೆಯ ಮೊದಲ ದಿನ ಹುಡುಗ ಆ ಹಳೆಯ ಚಿಲಕದ ಜೊತೆ ಸಂಜೆಯವರೆಗೂ ಆಡಿದ. ಆಮೇಲೆ ತಾನೇ ಗಂಟು ಬಿಚ್ಚಿದ. ಆ ಬಟ್ಟೆಯಲ್ಲೇ ದರ್ಜಿ ಒಂದು ಚೀಲ ಹೊಲಿದು ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದ. ಅದನ್ನು ಅಲ್ಲಿಂದ ಯಾರೂ ಇಳಿಸಲಿಲ್ಲ.

*

"ಅಮ್ಮ, ನೀನೇ ಹೇಳಿಬಿಡು," ಮಗ ಗದರಿದ. "ಎಲ್ಲರ ಮುಂದೆ ಹೇಳು. ಯಾವುದು ಹಳೇದು?"

ಅವಳು ಗಂಡನ ಮುಖ ನೋಡಿದಳು. ಮಗಳನ್ನು ನೋಡಿದಳು, ಅವಳಾಗಲೇ ಮಷೀನಿಗೆ ಮುಚ್ಚಳ ಹಾಕುತ್ತಿದ್ದಳು.

"ಆ ಕಿಟಕಿಯಲ್ಲಿ ಕೂತು ನಾನು ಜಡೆ ಹಾಕಿಸಿಕೊಳ್ತಿದ್ದೆ ಕಣೋ," ಎಂದಳು ತಾಯಿ. "ಆಗ ಅದು ಇಲ್ಲಿತ್ತು. ಈ ಗೋಡೇಲಿ. ಇದು ನನ್ನಪ್ಪನ ಮನೆ. ನಿನ್ನ ಕೋಣೆ ನೀನು ಬಂದಮೇಲೆ ಕಟ್ಟಿದ್ದು."

"ಸುಳ್ಳು."

ಮಗ ತಲೆಯೆತ್ತಿ ಹೆಂಚು ನೋಡಿದ. ಕಿಟಕಿಯ ಸುತ್ತ ಗಾರೆಯ ಮೇಲೆ ಅಂಗೈ ಆಡಿಸಿದ. ಎಲ್ಲಿಯೂ ಸೇರಿಸಿದ ಗುರುತು ಕೈಗೆ ತಾಗಲಿಲ್ಲ. ಹುಡುಕಿ ಸಿಗದಿದ್ದದ್ದೇ ಇದು ಅಪ್ಪನ ಕೈಕೆಲಸ ಅಂತ ಅವನನ್ನು ನಂಬಿಸಿತೋ ಏನೋ, ಕೈ ಕೆಳಗಿಳಿಯಿತು.

"ಹಾಗಾದ್ರೆ ಕಂಡವರ ಮನೇಲಿ ಇಷ್ಟು ವರ್ಷ ಯಜಮಾನಿಕೆ ಮಾಡಿದೆ ಅನ್ನು."

"ಯಾರೋ ಕಂಡವರು? ನಿಂಗೆ ಹಾಗೆ ಅನ್ನಿಸಬಾರದು ಅಂತಾನೇ ಅಲ್ವೇನೋ ಅವರು..."

"ಎತ್ರಪ್ಪಾ," ಎಂದ ಮಗ, ಗುಂಡಿಮಾಮನ ಕಡೆ ತಿರುಗಿ. "ಈ ಬಾಗಿಲಿಂದಲೇ. ಹೊತ್ತಾಯ್ತು."

ತಂಗಿಯ ಬಾಗಿಲಿಂದಲೇ ಹೆಗಲು ಕೊಟ್ಟು ಹೊತ್ತ. ಹಿಂದಕ್ಕೆ ತಿರುಗಿ ನೋಡಲಿಲ್ಲ.

ಸಂಜೆ, ಸ್ಮಶಾನಕ್ಕೆ ಹೋದವರೆಲ್ಲ ಬಂದರು, ಮಗ ಮಾತ್ರ ಬರಲಿಲ್ಲ. ಪ್ರತಿ ಹೆಜ್ಜೆಯ ಸದ್ದಿಗೂ ಮಗಳು ಬೀದಿಗೆ ಓಡಿದಳು. ಕೊನೆಗೆ ಗುಂಡಿಮಾಮ ಏದುಸಿರು ಬಿಡುತ್ತ ಬಂದ.

"ಇನ್ನೂ ಬಂದಿಲ್ವಾ ಅತ್ತಿಗೆ? ಮುಗಿದ ತಕ್ಷಣ ಎಲ್ಲರಿಗಿಂತ ಮುಂಚೆ ಹೊರಟ. ಮನೆಗೇ ಅಂದ್ಕೊಂಡೆ."

ಆಗ ತಾಯಿಗೆ ನೆನಪಾಯಿತು. ಸ್ವಲ್ಪ ಹೊತ್ತಿನ ಮುಂಚೆ, ಮಗಳು ಬೀದಿಯಲ್ಲಿ ಯಾರನ್ನೋ ವಿಚಾರಿಸುತ್ತಿದ್ದಾಗ, ಆಚೆ ಕೋಣೆಯಲ್ಲಿ ಚಿಲಕ ಎತ್ತಿದ ಸದ್ದಾಗಿತ್ತು. ಗಾಳಿ ಎಂದುಕೊಂಡಿದ್ದಳು. ಗಾಳಿ ಎಲ್ಲಾದರೂ ಚಿಲಕ ಎತ್ತುತ್ತದೆಯೇ!

ನಡುಬಾಗಿಲು ದಾಟಿ ಹೋದಳು. ಹಿತ್ತಿಲ ಕಡೆಯ ಆ ಕಿಟಕಿ ಹಾರುಹೊಡೆದಿತ್ತು. ಹಾಸಿಗೆ ಮಡಚಿತ್ತು. ಅಂಗಿಗಳು ಇದ್ದಲ್ಲೇ ಇದ್ದವು. ಮೊಳೆ ಮಾತ್ರ ಬರಿದಾಗಿತ್ತು. ಅದರ ಕೆಳಗೆ ಚೀಲದಷ್ಟೇ ಅಗಲ, ಮಸಿ ಹಿಡಿಯದೆ, ಮಾಸದೆ, ಗೋಡೆ ನಿನ್ನೆ ಬಳಿದ ಹಾಗೆ ಹೊಚ್ಚ ಹೊಸದಾಗಿತ್ತು.