ಕಿತ್ತು ಹಾಕಿದ ಎರಡನೆಯ ಅರ್ಜಿ

ರಾಮದುರ್ಗದ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ನಾನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಣ್ಣ ಲೈಬ್ರರಿ, ಎಂದರೆ ಯಾವ ಪ್ರೋಗ್ರಾಮಿಗೆ ಬೇಕಾದರೂ ಜೋಡಿಸಬಹುದಾದ ಕೋಡಿನ ಕಟ್ಟು, ಬರೆದಿದ್ದೆ. ಟೈಪ್ ಮಾಡಿದ ಮಾಹಿತಿಯನ್ನೆಲ್ಲ ಅದು ತಪಾಸಣೆ ಮಾಡುತ್ತಿತ್ತು. ಫೆಬ್ರವರಿ ಮೂವತ್ತು ಎಂದರೆ ಒಪ್ಪುತ್ತಿರಲಿಲ್ಲ. ಪಿನ್ ಕೋಡಿಗೆ ಒಂದು ಅಂಕಿ ಕಡಿಮೆಯಾದರೆ ಮುಂದೆ ಬಿಡುತ್ತಿರಲಿಲ್ಲ. ಹೆಸರು, ಅಡ್ಡಹೆಸರು, ಊರು, ಹುಟ್ಟಿದ ದಿನ ನಾಲ್ಕೂ ಒಂದೇ ಇರುವ ಎರಡು ಅರ್ಜಿ ಬಂದರೆ ಎರಡನೆಯದನ್ನು ಸದ್ದಿಲ್ಲದೆ ಕಿತ್ತು ಹಾಕುತ್ತಿತ್ತು. ಅದರ ಬಗ್ಗೆ ನನಗೆ ಜಂಬ ಸ್ವಲ್ಪ ಹೆಚ್ಚೇ ಇತ್ತು.

ಎರಡು ಸಾವಿರದ ಮೂರರಲ್ಲಿ ಒಂದು ಟ್ರಸ್ಟಿನವರು ಬಾಲವಾಡಿ ಶಿಕ್ಷಕಿಯರ ಅರ್ಜಿಗಳನ್ನು ಕಂಪ್ಯೂಟರಿಗೆ ತುಂಬಿ ಪಟ್ಟಿ ಮಾಡಲು, ಹಿಂದಿನ ವರ್ಷದಂತೆ ಎರಡನೇ ಸಲ ನಮಗೇ ಕೊಟ್ಟರು. ಸಂದರ್ಶನದ ಪಟ್ಟಿ ಅಂಟಿಸಿದ ಮರುದಿನ ಸುರೇಬಾನದ ಬಸ್ಸಿಳಿದು ಇಬ್ಬರು ಹುಡುಗಿಯರು ಬಂದರು. ಇಬ್ಬರೂ ಲಗಮವ್ವ. ಅಣ್ಣತಮ್ಮಂದಿರ ಮಕ್ಕಳು, ಎರಡೂ ಮನೆಯವರು ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಪಟ್ಟಿಯಲ್ಲಿ ಶಟ್ಟೆಪ್ಪನ ಮಗಳಿದ್ದಳು, ನಿಜಗುಣಪ್ಪನ ಮಗಳಿರಲಿಲ್ಲ. ಅರ್ಜಿ ಹಾಕಲು ಅವಳಿಗೆ ಇದೇ ಕೊನೆಯ ವರ್ಷ, ಬರುವ ವರ್ಷ ವಯಸ್ಸು ಮೀರುತ್ತದೆ.

ಲೈಬ್ರರಿ ಕಿತ್ತಿದೆಯೆಂದರೆ ಹುಟ್ಟಿದ ದಿನವೂ ಒಂದೇ ಇರಬೇಕು. ಇಬ್ಬರೂ ಒಂದೇ ದಿನ ಹುಟ್ಟಲು ಹೇಗೆ ಸಾಧ್ಯ ಎಂದು ನಾನು ದಬಾಯಿಸಿದೆ.

"ಹುಟ್ಟಿದ ದಿನ ಯಾರಿಗೆ ಗೊತ್ತರಿ ಅಕ್ಕಾರ," ಎಂದಳು ನಿಜಗುಣಪ್ಪನ ಮಗಳು. "ಇಬ್ಬರನ್ನೂ ಒಂದ ದಿನ ಸಾಲಿಗೆ ಹಚ್ಚಿದ್ರು. ಮಾಸ್ತರು ಜೂನ್ ಒಂದು ಅಂತ ಬರಕೊಂಡ್ರು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಈ ಸೀಮೆಯಲ್ಲಿ ಅರ್ಧ ಊರು ಜೂನ್ ಒಂದಕ್ಕೆ ಹುಟ್ಟಿರುತ್ತದೆ. ನನ್ನ ಅಣ್ಣನೂ ಹಾಗೆಯೇ. ಗೊತ್ತಿದ್ದೂ ಲೈಬ್ರರಿ ಬರೆಯುವಾಗ ನೆನಪಾಗಿರಲಿಲ್ಲ.

ಅರ್ಜಿಗಳ ಕಟ್ಟು ಪುಣ್ಯಕ್ಕೆ ಇನ್ನೂ ಮೇಜಿನ ಮೇಲೇ ಇತ್ತು. ತಂದೆಯ ಹೆಸರನ್ನೂ ನೋಡು, ಅನುಮಾನ ಬಂದರೆ ಕೀಳಬೇಡ, ನನ್ನನ್ನು ಕೇಳು ಎಂದು ಲೈಬ್ರರಿಯನ್ನು ತಿದ್ದಿ ಎಲ್ಲವನ್ನೂ ಮತ್ತೆ ತುಂಬಿದೆ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಹೆಸರು ಪಟ್ಟಿಗೆ ಮರಳಿದವು. ಟ್ರಸ್ಟಿಗೆ ಫೋನ್ ಮಾಡಿ ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಹೊಸ ಪಟ್ಟಿ ಕಳಿಸಿ ಎಂದರು.

ನಿಜಗುಣಪ್ಪನ ಮಗಳು ಹೊಸ ಪಟ್ಟಿಯಲ್ಲಿ ತನ್ನ ಹೆಸರನ್ನು ಎರಡು ಸಲ ಓದಿಕೊಂಡಳು.

"ಹ್ವಾದ ವರ್ಷಾನೂ ಇಬ್ಬರೂ ಹಾಕಿದ್ವಿರಿ," ಎಂದಳು. "ಇಕೀ ಹೆಸರು ಬಂತು, ನಂದು ಬರಲಿಲ್ಲ. ನಾನ ದಡ್ಡಿ ಅನಕೊಂಡು ಸುಮ್ಮನಾಗಿದ್ನಿರಿ."

ಹೋದ ವರ್ಷ ಎರಡೆರಡು ಸಲ ಬಂದ ಹದಿನಾಲ್ಕು ಅರ್ಜಿ ಕಿತ್ತೆನೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆ ಕಟ್ಟು ಈಗ ನಮ್ಮಲ್ಲಿಲ್ಲ, ಅವರು ಯಾರೆಂದು ಕೇಳಿದರೆ ಹೇಳಲಾರೆ. ಕಿತ್ತ ಹೆಸರುಗಳನ್ನು ಉಳಿಸಿಡುವ ಒಂದು ಸಾಲನ್ನೂ ನಾನು ಬರೆದಿರಲಿಲ್ಲ.