ಇಷ್ಟಪಟ್ಟು ಉಳಿದವನು

ಲೋಟದ ನೀರು ಫ್ಯಾನಿನ ಗಾಳಿಗೆ ಸಣ್ಣಗೆ ನಡುಗುತ್ತಿದೆ, ಕುಡೀರಿ ಅಂತ ಲೇಬರ್ ಇನ್‌ಸ್ಪೆಕ್ಟರ್ ಪದ್ಮಶ್ರೀ ಮೇಡಂ ಅದನ್ನು ಮಹೇಂದ್ರನ ಕಡೆಗೆ ತಳ್ಳಿದ್ದಾರೆ, ಬಾಯಿ ಒಣಗಿದೆ, ಕೈ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ — ತಂಬಿಗೆಯ ನೀರೂ ಹೀಗೇ ನಡುಗುತ್ತಿತ್ತು, ಬೇಡ, ಈಗ ಅದು ಬೇಡ — ಹುಣಸೂರಿನ ಈ ಫ್ಯಾಕ್ಟರಿಯಲ್ಲಿ ಹೊಗೆಸೊಪ್ಪಿನ ದೂಳು ಗಂಟಲಲ್ಲೇ ಮನೆ ಮಾಡಿಕೊಂಡಿರುತ್ತದೆ, ಅವನಿಗೆ ಅಭ್ಯಾಸ, ಮೇಡಂ ಕೆಮ್ಮುತ್ತಾರೆ, ಮತ್ತೆ ಕೇಳುತ್ತಾರೆ, ಡ್ಯೂಟಿ ಮುಗಿದ ಮೇಲೂ ನೀವು ಇಷ್ಟಪಟ್ಟು ಉಳೀತಿದ್ರಾ, ಇಲ್ಲಾ ಉಳಿಸ್ಕೊಳ್ತಿದ್ರಾ? ರಾಜ್ಯದ ಹೊಸ ಕಾನೂನಂತೆ, ತಿಂಗಳ ಸಂಬಳದವರಿಗೂ ಇನ್ನು ಹೆಚ್ಚಿನ ಗಂಟೆಗೆ ಓಟಿ ಕೊಡಬೇಕಂತೆ, ಹುದ್ದೆಯ ಹೆಸರಲ್ಲ, ಮಾಡುವ ಕೆಲಸ ನೋಡುತ್ತಾರಂತೆ, ಬಾಗಿಲ ಹೊರಗೆ ಮ್ಯಾನೇಜರ್ ನಂಜುಂಡೇಶ್ ಅವರ ಬೂಟು ಅತ್ತಿಂದಿತ್ತ ಓಡಾಡುತ್ತಿದೆ, ಬೆಳಿಗ್ಗೆಯೇ ಹೆಗಲ ಮೇಲೆ ಕೈ ಹಾಕಿ ಹೇಳಿಕೊಟ್ಟಿದ್ದಾರೆ, ಇಷ್ಟಪಟ್ಟು ಉಳೀತಿದ್ದೆ ಅನ್ನಪ್ಪ ಸಾಕು, ನಾಳೆಯೂ ನೀನು ಇಲ್ಲಿರಬೇಕಲ್ಲ. ಎಷ್ಟು ಸಲೀಸು, ಅಂದುಬಿಟ್ಟರೆ ಕೆಲಸ ಉಳಿಯುತ್ತದೆ, ಆದರೆ ಅಂದುಬಿಟ್ಟರೆ ಆ ದಿನವೂ ಇಷ್ಟಪಟ್ಟೇ ಉಳಿದ ಹಾಗಾಯಿತಲ್ಲ.

ಥೂ, ಮತ್ತೆ ಆ ದಿನ. ಓಟಿ ಅಂದ್ರೆ ಕೂಲಿ ಕಣ್ಲಾ, ನಮ್ಮನೇಲಿ ಯಾರೂ ಇನ್ನೊಬ್ರ ಗಂಟೆಗೆ ದುಡ್ದೋರಲ್ಲ, ನೀನು ಸೂಪರ್‌ವೈಸರು, ಅಂತ ತಮ್ಮೂರು ಹಾರನಹಳ್ಳಿಯ ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ ಮೀಸೆ ಸವರಿಕೊಳ್ಳುತ್ತಿದ್ದ ಅಪ್ಪ, ಬಸವರಾಜು, ಹೊಲ ಇದ್ದವನ ಗತ್ತು, ಆ ಸಂಜೆ ಅವನ ಸೂಪರ್‌ವೈಸರ್ ಮಗ ಹೊಗೆಸೊಪ್ಪಿನ ಬೇಲು ಹೊರುತ್ತಿದ್ದ, ಸೈರನ್ ಆದ ಮೇಲೆ ಹಮಾಲರು ಮನೆಗೆ ಹೋಗಿದ್ದರು, ಲಾರಿ ಕಾಯುತ್ತಿತ್ತು, ಬೆನ್ನು ಉರಿಯುತ್ತಿತ್ತು, ಜೇಬಲ್ಲಿ ಫೋನು ಹೊಡೆದುಕೊಂಡಿತು, ಅವ್ವನ ದನಿ, ಅಪ್ಪಂಗೆ ಉಸ್ರು ಎಳೀತಾ ಐತೆ, ಬೇಗ್ ಬಾ ಮಗ — ಗೇಟ್ ಪಾಸಿಗೆ ನಂಜುಂಡೇಶ್ ಅವರ ಸಹಿ ಬೇಕು, ಹೋಗಿ ಅವರೆದುರು ಕೈ ಕಟ್ಟಿ ನಿಂತ, ಅವರೆಂದರು, ಲೋಡ್ ಹೋಗ್ಲಿ, ಆಮೇಲೆ ಹೋಗುವೆಯಂತೆ, ನೀನೇನು ಕೂಲಿಯವನೇನಪ್ಪ ಗಂಟೆ ನೋಡೋಕೆ? ಅಪ್ಪನದೇ ಮಾತು, ಬೇರೆ ಬಾಯಿಂದ ಬಂತು, ಮತ್ತೆ ಹೋಗಿ ಬೇಲುಗಳಿಗೆ ಹೆಗಲು ಕೊಟ್ಟ.

ಸಾಯುವವರ ಬಾಯಿಗೆ ಮಗನೇ ನೀರು ಬಿಡಬೇಕು, ಊರಲ್ಲಿ ಹಾಗೇ ನಡೆದುಬಂದದ್ದು, ಅವ್ವ ತಂಬಿಗೆ ತುಂಬಿ ತಲೆದೆಸೆಯಲ್ಲಿ ಇಟ್ಟಿದ್ದಳು, ನೀರು ನೀರು ಅನ್ನುತ್ತಿದ್ದನಂತೆ ಅಪ್ಪ, ಪಕ್ಕದ ಮನೆ ಚಿಕ್ಕಬೀರಮ್ಮ ಚಮಚ ತಂದರೆ ತುಟಿ ಬಿಗಿಹಿಡಿದನಂತೆ, ಮಹೇಂದ್ರ ಬರ್ಲಿ ಬುಡಮ್ಮಿ, ಅವ್ನು ಆಪೀಸರು, ಯಾವಾಗ್ ಬೇಕಾದ್ರೂ ಎದ್ ಬತ್ತಾನೆ. ಬಂದ, ಬೈಕು ಬೀದಿಯಲ್ಲೇ ಬಿಸಾಕಿ ಬಂದ, ಅಂಗಳದಲ್ಲಿ ಹೆಂಗಸರು ಅಳುತ್ತಿದ್ದರು, ಯಾರೂ ಅವನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಅಪ್ಪನ ತುಟಿ ಒಣಗಿ ಬಿರಿದಿತ್ತು, ಪಕ್ಕದಲ್ಲಿ ತಂಬಿಗೆ.

ಮಹೇಂದ್ರ ಅವರೇ, ಹೇಳಿ, ಅನ್ನುತ್ತಾರೆ ಮೇಡಂ. ಇಷ್ಟಪಟ್ಟು ಅಲ್ಲ, ಅನ್ನುತ್ತಾನೆ, ತನ್ನದೇ ದನಿ ಎಲ್ಲಿಂದಲೋ ಕೇಳಿಸುತ್ತದೆ, ನಮ್ಮಪ್ಪ ಸಾಯ್ತಾ ಇದ್ದ, ನನ್ನ ಬುಡ್ಲಿಲ್ಲ ಮೇಡಂ. ಹೊರಗೆ ಬೂಟಿನ ಸದ್ದು ನಿಲ್ಲುತ್ತದೆ. ಕೆಲಸ ಹೋಯಿತು, ಹೋಗಲಿ. ಮೇಡಂ ಲೋಟ ಎತ್ತಿ ಕೈಗೇ ಕೊಡುತ್ತಾರೆ, ಕುಡೀರಿ ಮೊದ್ಲು, ತುಟಿಯವರೆಗೆ ತರುತ್ತಾನೆ, ತುಟಿ ಬಿಗಿದುಕೊಳ್ಳುತ್ತದೆ, ಹಿತ್ತಾಳೆ ತಂಬಿಗೆ, ಅಪ್ಪನ ತಲೆದೆಸೆ, ಕಂಠದವರೆಗೆ ನೀರು, ಒಂದು ಹನಿಯೂ ಕಮ್ಮಿಯಾಗಿಲ್ಲ, ಒಂದು ಹನಿಯೂ —